ಕೋಕಾ ತೋಟದ ಪಕ್ಕದಲ್ಲಿ ನಮ್ಮ ಚಿನ್ನದ ಗಣಿ

ನಾನು ಏನು ಕೆಲಸ ಮಾಡ್ತೀನಿ ಅಂತ ಬಾಯಿಬಿಟ್ಟರೆ ಸಾಕು, ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ಹ್ಯೂಸ್ಟನ್‌ನ ಒಂದು ಸಣ್ಣ ಕಂಪನಿಯಲ್ಲಿ ನಾನು ಮೈನಿಂಗ್ ಇಂಜಿನಿಯರ್. ಮನೆ ಅಲ್ಲೇ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿ, ಗಣಿ ದಕ್ಷಿಣ ಅಮೆರಿಕದ ಬೆಟ್ಟದ ನೆತ್ತಿಯಲ್ಲಿ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಗಣಿಯ ಸುತ್ತ ರೈತರು ಬೆಳೆಯೋದು ಕೋಕಾ ಎಲೆ. ಅದರಿಂದ ಕೊಕೇನ್ ಮಾಡ್ತಾರೆ, ನಿಜ. ಆದರೆ ಆ ಊರಿನವರಿಗೆ ಅದು ತಲೆತಲಾಂತರದಿಂದ ಬಂದ ಎಲೆ, ನಾವು ಎಲೆ ಅಡಿಕೆ ಹಾಕಿಕೊಳ್ಳೋ ಹಾಗೆ ಅವರು ಅದನ್ನು ಅಗಿಯುತ್ತಾರೆ. ಗಣಿಯಲ್ಲಿ ದುಡಿಯೋರೂ ಅವರೇ. ಈ ಕೆಲಸ ಸಿಕ್ಕ ಮೇಲೆ ಎಷ್ಟೋ ಮನೆಯವರು ಕೊಕೇನ್ ದಲ್ಲಾಳಿಗಳ ಸಹವಾಸ ಬಿಟ್ಟಿದ್ದಾರೆ. ಇದನ್ನ ಟೆಕ್ಸಸ್‌ನಲ್ಲಿ ಯಾರಿಗೆ ಹೇಳಿದರೂ ತಲೆಗೆ ಹೋಗಲ್ಲ. ನನಗೆ ಸಿಟ್ಟು ಬರೋದು ಅಲ್ಲೇ.

ಫ್ಲವರ್ ಮೌಂಡ್‌ನಲ್ಲಿ ಉಪದೇಶ

ಟೆಕ್ಸಸ್‌ನಲ್ಲೇ ಇರೋ ಫ್ಲವರ್ ಮೌಂಡ್ ಅನ್ನೋ ಊರಿಗೆ, ನೆಂಟರ ಗೃಹಪ್ರವೇಶಕ್ಕೆ ಡ್ರೈವ್ ಮಾಡ್ಕೊಂಡು ಹೋಗಿದ್ವಿ. ರಿಟೈರ್ ಆದ ಡಾಕ್ಟರ್ ಅಂಕಲ್ ಒಬ್ಬರು ಪಾಯಸದ ಬಟ್ಟಲು ಹಿಡಿದು ಬಂದು ನನ್ನ ಪಕ್ಕ ಕೂತರು. "ಏನಪ್ಪಾ, ಡ್ರಗ್ಸ್ ಬೆಳೆಯೋ ಊರಲ್ಲಿ ಕೆಲಸವಂತೆ? ಮನೇಲಿ ಹೆಂಡತಿ ಮಕ್ಕಳಿದ್ದಾರೆ, ನೆನಪಿರಲಿ" ಅಂತ ಶುರು ಮಾಡಿದರು. ಪಾಯಸ ಮುಗಿದರೂ ಉಪದೇಶ ಮುಗಿಯಲಿಲ್ಲ. "ಆ ಊರಿನವರೂ ಮರ್ಯಾದಸ್ಥರೇ ಅಂಕಲ್" ಅಂತ ನಾನು ದನಿ ಏರಿಸಿದೆ. ನನ್ನ ಹೆಂಡತಿ ಹುಬ್ಬಳ್ಳಿಯವಳು. "ಸುಮ್ನ ಏಳ್ರಿ, ಮಂದಿ ಮನ್ಯಾಗ ಜಗಳ ಬ್ಯಾಡ" ಅಂತ ಎಬ್ಬಿಸಿದಳು.

ಕಾರು ಹತ್ತೋ ಹೊತ್ತಿಗೆ ಅಂಕಲ್ ಮತ್ತೆ ಬಂದರು. ಆ ಕಡೆ ಈ ಕಡೆ ನೋಡಿ, "ಮಂಡಿನೋವಿಗೆ ಆ ಎಲೆ ಒಳ್ಳೇದಂತಲ್ಲಪ್ಪಾ, ಬರೋವಾಗ ಒಂದು ಪೊಟ್ಟಣ ಹಾಕ್ಕೊಂಡು ಬಾ. ಆಂಟಿಗೆ ಗೊತ್ತಾಗೋದು ಬೇಡ" ಅಂದರು.

ಬಿಳಿ ಪುಡಿ

ಗಣಿಯ ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಚಿನ್ನ ಇದೆಯಾ ಅಂತ ಲ್ಯಾಬಿಗೆ ಕಳಿಸಬೇಕು. ಒಂದು ಸಲ ಕೊರಿಯರ್ ಕೈಕೊಟ್ಟಿತು ಅಂತ ನಾನೇ ಬ್ಯಾಗಿಗೆ ಹಾಕ್ಕೊಂಡು ಬಂದೆ. ಬಂದಿದ್ದು ಕೋಕಾ ಬೆಳೆಯೋ ದೇಶದಿಂದ, ಬ್ಯಾಗಿನ ತುಂಬ ಪುಟ್ಟ ಪುಟ್ಟ ಪೊಟ್ಟಣ, ಒಳಗೆ ಬಿಳಿ ಪುಡಿ. ಏರ್‌ಪೋರ್ಟಿನಲ್ಲಿ ಬಿಡ್ತಾರಾ?

"ಇದೇನು?" ಅಂತ ಆಫೀಸರ್ ಕೇಳಿದ. "ಕಲ್ಲು" ಅಂದೆ. ಅವನು ನಗಲಿಲ್ಲ. ನಾಯಿ ಬಂತು, ಯಂತ್ರ ಬಂತು, ಅವನ ಮೇಲಿನವನು ಬಂದ. ಹೊರಗೆ ಹೆಂಡತಿ ಕಾದೂ ಕಾದೂ ಮನೆಗೆ ಹೋದಳು. ನಾನು ಕುದಿಯುತ್ತಾ ಕೂತಿದ್ದೆ. ಕಡೆಗೆ, ಇದರಲ್ಲಿ ಕೊಕೇನ್ ಇಲ್ಲ ಅಂತ ಬಿಟ್ಟರು. ಮುಂದಿನ ವಾರ ನಮ್ಮ ಲ್ಯಾಬಿನವರು, ಇದರಲ್ಲಿ ಚಿನ್ನವೂ ಇಲ್ಲ ಅಂದರು.

ಬಾಸ್ ಬೆಟ್ಟ ಹತ್ತಿದ್ದು

ನನ್ನ ಬಾಸ್ ಮೈಸೂರಿನವರು. ಹ್ಯೂಸ್ಟನ್‌ನ ಎಸಿ ರೂಮಿನಲ್ಲಿ ಕೂತು ಒಂದು ಆರ್ಡರ್ ಹೊರಡಿಸಿದರು. ಗಣಿಯಲ್ಲಿ ಎಲ್ಲರಿಗೂ ಡ್ರಗ್ ಟೆಸ್ಟ್, ಪಾಸಿಟಿವ್ ಬಂದವರು ಅವತ್ತೇ ಮನೆಗೆ.

"ಸಾರ್, ಬರೀ ಎಲೆ ಅಗಿದರೂ ಪಾಸಿಟಿವ್ ಬರುತ್ತೆ. ಒಬ್ಬರೂ ಉಳಿಯಲ್ಲ. ಎಲ್ಲರೂ ಮತ್ತೆ ದಲ್ಲಾಳಿಗಳ ಕೈಗೇ ಬೀಳ್ತಾರೆ" ಅಂದೆ.

"ರೂಲ್ ಅಂದ್ರೆ ರೂಲ್ ಕಣ್ರೀ. ನಾನೇ ಬಂದು ಮೊದಲು ಟೆಸ್ಟ್ ಮಾಡಿಸ್ಕೋತೀನಿ. ಅವರಿಗೂ ಬುದ್ಧಿ ಬರಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ಜನರ ಒಲೆ ಆರಿಸ್ತಿದ್ದೀನಿ ಅನ್ನೋ ಯೋಚನೆಯೇ ಈ ಮನುಷ್ಯನಿಗೆ ಬೇಡವಾ?

ಬಂದರು. ಆ ಎತ್ತರಕ್ಕೆ ಅವರ ತಲೆ ಸಿಡಿಯೋಕೆ ಶುರುವಾಯಿತು. ಗಣಿಯ ಅಡುಗೆ ನೋಡಿಕೊಳ್ಳೋ ಅಜ್ಜಿ ಬಿಸಿಬಿಸಿ ಕಷಾಯ ತಂದಳು. ತಲೆನೋವಿಗೆ ಆ ಕಡೆ ಕೊಡೋದೇ ಅದು, ಕೋಕಾ ಎಲೆ ಕುದಿಸಿದ್ದು. "ಸಾರ್, ಅದು..." ಅಂತ ನಾನು ಬಾಯಿ ತೆರೆದೆ.

"ಎಲ್ಲದಕ್ಕೂ ಅಡ್ಡಬಾಯಿ ಹಾಕ್ಬೇಡಿ ಕಣ್ರೀ. ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನಬಾರದು."

ಕುಡಿ ಮಾರಾಯ ಅಂತ ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾದೆ. ಮೈಸೂರಿನ ಉಪಚಾರ ಬಲ್ಲವರು ನೋಡಿ, "ಸಾಕು ಸಾಕು" ಅಂತ ಕೈ ಅಡ್ಡ ಹಿಡಿದರು, ಲೋಟ ಮಾತ್ರ ಹಿಂದಕ್ಕೆ ತೆಗೀಲಿಲ್ಲ. ಅಜ್ಜಿ ಬಗ್ಗಿಸ್ತಾನೇ ಹೋದಳು. ತಲೆನೋವು ಇಳಿಯಿತು. "ಒಂಚೂರು ಶುಂಠಿ ಬಿದ್ದಿದ್ರೆ ನಮ್ಮಮ್ಮ ಮಾಡಿದ ಹಾಗೇ ಇರ್ತಿತ್ತು" ಅಂತ ಹೊಗಳಿದರು.

ಊಟ ಆದ ಮೇಲೆ ಕೆಲಸಗಾರರೆಲ್ಲ ಸಾಲಾಗಿ ನಿಂತರು. ಒಬ್ಬರ ಮುಖದಲ್ಲೂ ಕಳೆ ಇರಲಿಲ್ಲ. ಬಾಸ್ ಮೊದಲು ಟೆಸ್ಟ್ ಕೊಟ್ಟರು. ನರ್ಸ್ ನೋಡಿ ಹೇಳಿದಳು, ಪಾಸಿಟಿವ್. ಇನ್ನೊಂದು ಕಿಟ್ ತೆಗೆಸಿದರು. ಅದೂ ಪಾಸಿಟಿವ್.

"ಏನ್ರೀ ಇದು? ನಾನು ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ!"

"ಲೋಟ ಲೋಟ ಕುಡಿದ್ರಲ್ಲ, ಅದೇ ಎಲೆ ಸಾರ್. ಹೇಳೋಕೆ ಬಂದ್ರೆ ಬಾಯಿ ಮುಚ್ಚಿಸಿದ್ರಿ. ಈಗ ರೂಲ್ ಪ್ರಕಾರ ಮೊದಲು ಮನೆಗೆ ಹೋಗಬೇಕಾದವರು ನೀವೇ" ಅಂದೆ. ಇಷ್ಟು ದಿನದ ಸಿಟ್ಟೆಲ್ಲ ಆ ಮಾತಿನಲ್ಲಿತ್ತು. ಅವರು ಕಿಟ್‌ಗಳನ್ನೆಲ್ಲ ಡಬ್ಬಕ್ಕೆ ತುಂಬಿಸಿ, ಆರ್ಡರ್ ವಾಪಸ್ ಅಂತ ಎಲ್ಲರ ಎದುರೇ ಹೇಳಿದರು.

ಅಜ್ಜಿಗೆ ಇದೆಲ್ಲ ಅರ್ಧಂಬರ್ಧ ಅರ್ಥವಾಗಿತ್ತು. ಪಾಸಿಟಿವ್ ಬಂದವರಿಗೆ ಕೆಲಸ ಇಲ್ಲ ಅನ್ನೋದಷ್ಟೇ ಅವಳಿಗೆ ಗೊತ್ತು. ಜೀಪಿನ ಹತ್ತಿರ ಬಂದು, ಬಾಸ್ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಏನೋ ಹೇಳಿದಳು.

"ಏನಂತೆ?" ಅಂತ ಅವರು ನನ್ನನ್ನು ಕೇಳಿದರು.

"ಕೆಲಸ ಹೋಯ್ತು ಅಂತ ಸಂಕಟಪಡಬೇಡಿ ಅಂತಿದ್ದಾಳೆ ಸಾರ್. ನಾಳೆಯಿಂದ ಅವಳ ತೋಟದಲ್ಲಿ ಎಲೆ ಕೀಳೋಕೆ ಬನ್ನಿ ಅಂತೆ. ಮಧ್ಯಾಹ್ನದ ಊಟನೂ ಹಾಕ್ತಾಳಂತೆ."