ನಾಲ್ಕನೇ ನಂಬರಿನ ಇಂಗ್ಲಿಷು

ಪುಟ್ಟಿಯ ಅಮ್ಮನಿಗೆ ಆಕ್ಸೆಂಟೇ ಇರಲಿಲ್ಲ! ಲೋಕದಲ್ಲಿ ಮಿಕ್ಕವರಿಗೆಲ್ಲ ಇತ್ತು. ಲಿಫ್ಟ್ ರಿಪೇರಿ ಮಾಡುವ ಗಂಡನಿಗಿತ್ತು, ಎದುರು ಮನೆಯ ದಂತವೈದ್ಯೆಗಿತ್ತು, ವಾರ್ತೆ ಓದುವವರಿಗೂ ಕೊನೆಕೊನೆಗೆ ಒಂಚೂರು ಇಣುಕುತ್ತಿತ್ತು. ಇವಳದು ಮಾತ್ರ ಸೋಸಿದ ನೀರು, ಬಣ್ಣವಿಲ್ಲ, ವಾಸನೆಯಿಲ್ಲ.

ಆದ್ದರಿಂದ ಮಗಳ ಶಿಶುವಿಹಾರದಿಂದ ಫಾರಂ ಬಂದಾಗ ಅವಳು ಟೊಂಕ ಕಟ್ಟಿ ನಿಂತಳು. ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ಪ್ರತಿ ಮನೆಯಿಂದಲೂ ಒಬ್ಬರು ಮೂರು ಬಾತುಕೋಳಿಗಳ ಒಂದೇ ಇಂಗ್ಲಿಷ್ ಕಥೆಯನ್ನು ಓದಿ ರೆಕಾರ್ಡ್ ಮಾಡಿ ಕಳುಹಿಸಬೇಕು. ಹೋಲಿಕೆ, ಹೊಟ್ಟೆಯುರಿ ಬೇಡವೆಂದು ಧ್ವನಿಗಳಿಗೆ ಹೆಸರಿಲ್ಲ, ಬರೀ ನಂಬರು; ಯಾರದು ಯಾವುದೆಂದು ಶಿಶುವಿಹಾರದ ರಿಜಿಸ್ಟರಿಗೆ ಮಾತ್ರ ಗೊತ್ತು. ಫಾರಮ್ಮಿನ ಕೊನೆಯ ಕಾಲಂ: 'ಓದುವವರ ಆಕ್ಸೆಂಟ್ ವಿವರಿಸಿ.'

"ನಾನು ಓದ್ಲಾ?" ಎಂದ ಗಂಡ.

"ನೀವಾ? ಮಗು ಭಾಷೆ ಕಲೀಬೇಕೋ, ಮರೀಬೇಕೋ?"

"ನಂದು ಲಿಫ್ಟ್ ಥರದ ಇಂಗ್ಲಿಷ್ ಕಣೆ. ಪ್ರತಿ ಮಹಡೀಲೂ ನಿಂತು, ಬಾಗಿಲು ತೆಗೆದು, ಆಮೇಲೆ ಮುಂದಕ್ಕೆ. ಆದ್ರೆ ಎಲ್ರನ್ನೂ ತಲುಪಿಸುತ್ತೆ!"

ಅವಳು ಕಾಲಮ್ಮಿನಲ್ಲಿ ದಪ್ಪಗೆ 'ಇಲ್ಲ' ಎಂದು ಬರೆದಳು. ಒಂದೇ ಏಟಿಗೆ ಓದಿದಳು. ತಿರುಗಿ ಕೇಳದೆ ಕಳುಹಿಸಿದಳು. ಅಪ್ಪಟ ಚಿನ್ನವನ್ನು ಮತ್ತೆ ಒರೆಗೆ ಹಚ್ಚುವುದುಂಟೇ?

ಆಮೇಲೆ ಶುರುವಾಯಿತು ಚಿಂತೆ. ಪುಟ್ಟಿ ಅಲ್ಲಿ ಮಲಗುತ್ತಾಳೋ ಇಲ್ಲವೋ? ಕಂಡಕಂಡವರ ಇಂಗ್ಲಿಷು ಆ ಎಳೇ ಕಿವಿಗೆ ಅಂಟಿಕೊಂಡರೆ? ಮೂರನೇ ದಿನ ಅವಳು ಮಗಳನ್ನು ಕರೆತರಲು ಅರ್ಧ ಗಂಟೆ ಮುಂಚೆಯೇ ಹೋಗಿ ಮಲಗುವ ಕೋಣೆಯ ಕಿಟಕಿಯ ಹೊರಗೆ ನಿಂತಳು. ಪರದೆಯ ಆಚೆ ಸ್ಪೀಕರ್ "ನಂಬರ್ ಫೋರ್" ಎಂದು ಸಾರಿ ಕಥೆ ಶುರುಮಾಡಿತು.

ಅಯ್ಯೋ, ಅದೇನು ಧ್ವನಿ! ಅವಳ ಮೈಯೆಲ್ಲ ಉರಿದುಹೋಯಿತು. ಕೊನೆಯವರೆಗೂ ಕೇಳಲಾರದೆ ಗೇಟಿನ ಹತ್ತಿರ ಹೋಗಿ ನಿಂತಳು. ಮನೆಗೆ ಬಂದವಳೇ ಒಂದು ಪುಟ ದೂರು ಗೀಚಿ ಗಂಡನಿಗೆ ಓದಿ ಹೇಳಿದಳು:

"'ನಾಲ್ಕನೇ ನಂಬರಿನವರ ಇಂಗ್ಲಿಷು ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಸಾಯುತ್ತದೆ. ವಾಕ್ಯದ ಮೊದಲಲ್ಲಿ ಮಹಾರಾಣಿ, ನಡುವಿನಲ್ಲಿ ವಿಮಾನದ ಪರಿಚಾರಿಕೆ, ಕೊನೆಯಲ್ಲಿ ಅಪ್ಪಟ ನಮ್ಮ ಓಣಿಯವಳು. ಇಂಥವರನ್ನು ಮಕ್ಕಳ ಕಿವಿಯಿಂದ ದೂರವಿಡಿ.' ಹೇಗಿದೆ?"

"ಅಷ್ಟೊಂದು ಕೆಟ್ಟದಾಗಿತ್ತಾ?"

"ಕೆಟ್ಟದಾ! ಕೇಳಿ ಇಲ್ಲಿ!" ಎಂದು ಅವಳು ಆ ಧ್ವನಿಯಲ್ಲೇ ಬಾತುಕೋಳಿಗಳನ್ನು ಕೊಳಕ್ಕಿಳಿಸಿ ಈಜಾಡಿಸಿದಳು.

ಗಂಡ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಎಷ್ಟು ಸಲೀಸಾಗಿ ಅನುಕರಣೆ ಮಾಡ್ತೀಯೇ! ಸ್ವಲ್ಪಾನೂ ಕಷ್ಟಪಟ್ಟ ಹಾಗೇ ಕಾಣಲ್ಲ."

ಮೆಚ್ಚುಗೆಯೆಂದೇ ಅವಳು ಸ್ವೀಕರಿಸಿದಳು.

ಮರುದಿನ ಬೆಳಿಗ್ಗೆ ದೂರು ಶಿಶುವಿಹಾರದ ಮೇಲ್ವಿಚಾರಕಿಯ ಕೈ ಸೇರಿತು. ಆಕೆ ಓದಿದರು. ರಿಜಿಸ್ಟರ್ ತೆಗೆದು ನಾಲ್ಕನೇ ಸಾಲು ನೋಡಿದರು. ಇವಳ ಮುಖ ನೋಡಿದರು. ರಿಜಿಸ್ಟರ್ ಮುಚ್ಚಿದರು.

"ಹೆಸರು ಹೇಳೋ ಹಾಗಿಲ್ಲ, ನಮ್ಮ ನಿಯಮ. ಆದ್ರೂ ಕೇಳ್ತೀನಿ, ಖಂಡಿತ ತೆಗೀಬೇಕಾ?"

"ಈಗಲೇ! ಪಾಪ, ಅವರ ಮಕ್ಕಳ ಗತಿ ನೆನೆಸಿಕೊಂಡ್ರೇ ನನಗೆ ಸಂಕಟ."

ಮಧ್ಯಾಹ್ನ ಎರಡಕ್ಕೆ ಅವಳ ಫೋನು ಬಡಿದುಕೊಂಡಿತು. ಪುಟ್ಟಿ ಅತ್ತು ಅತ್ತು ಕೆಂಪಾಗಿದ್ದಾಳೆ, ತಕ್ಷಣ ಬನ್ನಿ! ಅವಳು ಎಡಗಾಲಿಗೆ ಗಂಡನ ಚಪ್ಪಲಿ, ಬಲಗಾಲಿಗೆ ತನ್ನದು ಮೆಟ್ಟಿಕೊಂಡು ಓಡಿದಳು. ಒಳಗೆ ಪುಟ್ಟಿ ಒಬ್ಬಳೇ ಅಲ್ಲ, ಅವಳ ಹಿಂದೆ ಇಡೀ ಕೋಣೆಯೇ ರಾಗ ಎಳೆಯುತ್ತಿತ್ತು.

"ನಾಲ್ಕನೇದೇ ಬೇಕಂತೆ," ಎಂದರು ಮೇಲ್ವಿಚಾರಕಿ. "ಬೇರೆ ಎಂಟೂ ಹಾಕಿ ನೋಡಿದ್ವಿ."

"ಹಾಗಾದ್ರೆ ಹಾಕಿ ಮಾರಾಯ್ರೆ! ಮಗು ಉಸಿರು ಕಟ್ಟಿಕೊಳ್ತಿದೆ!"

ಸ್ಪೀಕರ್ ಬಾಯಿಬಿಟ್ಟಿತು. ಮಹಾರಾಣಿ ಬಂದಳು, ಪರಿಚಾರಿಕೆ ಬಂದಳು. ಪುಟ್ಟಿ ಬಿಕ್ಕು ನಿಲ್ಲಿಸಿ, ಹೆಬ್ಬೆರಳು ಬಾಯಿಗಿಟ್ಟು, "ಅಮ್ಮ" ಎಂದಳು.

"ಇಲ್ಲೇ ಇದೀನಲ್ಲ ಕಂದಾ!"

ಪುಟ್ಟಿ ಸ್ಪೀಕರಿನ ಕಡೆ ಬೆರಳು ತೋರಿಸಿದಳು. "ಆ ಅಮ್ಮ."

"ಛೀ, ಅದು ಯಾರೋ..." ಎನ್ನುವಷ್ಟರಲ್ಲಿ ಬಾತುಕೋಳಿಗಳು ದಡ ಸೇರಿದವು. ಕಥೆ ಮುಗಿದ ಮೇಲೂ ಸ್ಪೀಕರ್ ನಿಲ್ಲಲಿಲ್ಲ. ಅಪ್ಪಟ ಓಣಿಯ ಧ್ವನಿಯೊಂದು ಗುಡುಗಿತು: "ರೀ, ಎಷ್ಟು ಸಲ ಹೇಳೋದು, ಆ ಸ್ಪ್ಯಾನರ್ ಊಟದ ಮೇಜಿನ ಮೇಲಿಡಬೇಡಿ ಅಂತ! ಇದು ಎಲ್ಲಿ ಆಫ್ ಆಗುತ್ತೋ..."

ಮಕ್ಕಳೆಲ್ಲ ನಿದ್ದೆಗೆ ಜಾರಿದ್ದರು. ಎಚ್ಚರವಿದ್ದವರು ಇಬ್ಬರೇ. ಒಬ್ಬರು ನೆಲ ನೋಡುತ್ತಿದ್ದರು, ಇನ್ನೊಬ್ಬರು ನಗು ತಡೆಯಲು ಸೂರು ನೋಡುತ್ತಿದ್ದರು.

"ನಾಲ್ಕನೇದು... ಇರ್ಲಿ ಬಿಡಿ," ಎಂದಳು ಪುಟ್ಟಿಯ ಅಮ್ಮ, ಅಚ್ಚ ಕನ್ನಡದಲ್ಲಿ, ಪಿಸುಗುಟ್ಟುತ್ತಾ. "ಆ ಫಾರಂ ಒಂಚೂರು ಕೊಡ್ತೀರಾ? ಕೊನೇ ಕಾಲಂ ತಿದ್ದಬೇಕಿತ್ತು."

"ಅದನ್ನ ಬೆಳಿಗ್ಗೇನೇ ತಿದ್ದಿಯಾಯ್ತಮ್ಮ. ನಿಮ್ಮ ಪತ್ರಾನೇ ಅಲ್ಲಿ ಅಂಟಿಸಿದೀನಿ. ಇಷ್ಟು ವರ್ಷದಲ್ಲಿ ತಮ್ಮ ಆಕ್ಸೆಂಟನ್ನ ಇಷ್ಟು ಪ್ರಾಮಾಣಿಕವಾಗಿ ವಿವರಿಸಿದ ತಾಯಿ ನೀವೊಬ್ರೇ!"