ಷರಾ ಕಾಲಮಿನಲ್ಲಿ ‘ಗುಳಿಗಿ ಬಂದಿಲ್ಲ’ ಎಂದು ಬರೆಯುವುದರ ನಿಷೇಧ

ಕೆಮ್ಮು ಎಣಿಕೆ ಮತ್ತು ರವಾನೆ ಇಲಾಖೆ
ವಿಭಾಗೀಯ ಕಚೇರಿ, ಬಾಗಲಕೋಟೆ

ಸಂಖ್ಯೆ: ಕೆಎರ/ಬಾಕೋ/ಷರಾ/41/2024-25
ದಿನಾಂಕ: 18-04-2024

ಸುತ್ತೋಲೆ

ವಿಷಯ: ಕ್ಷಯರೋಗಿಗಳ ಮಾಹಿತಿಯ ಷರಾ ಕಾಲಮಿನಲ್ಲಿ ನಿಜ ಸಂಗತಿ ನಮೂದಿಸಿ, ದೇಶವು ಈಗಾಗಲೇ ಕೊಟ್ಟಿರುವ ಉತ್ತರಕ್ಕೆ ಧಕ್ಕೆ ತಂದಿರುವ ಬಗ್ಗೆ.

ಉಲ್ಲೇಖ:
(1) ಜಗತ್ತಿನ ವಾರ್ಷಿಕ ಪ್ರಶ್ನಾವಳಿ, ಪ್ರಶ್ನೆ 14.
(2) ಸದರಿ ಪ್ರಶ್ನೆಗೆ ಮುಂಗಡವಾಗಿ ರವಾನಿಸಲಾದ ಉತ್ತರ.
(3) ಕಮತಗಿ ಉಪಕೇಂದ್ರದ ಕ್ಷಯ ಕಾರ್ಯಕರ್ತೆ ಶ್ರೀಮತಿ ಭಾಗ್ಯಜ್ಯೋತಿ ಇವರ ಷರಾ, ಹದಿನೇಳು ಸಲ.
(4) ವಿಚಾರಣಾಧಿಕಾರಿ ಶ್ರೀ ಪಂಢರೀನಾಥ ಇವರ ಪಂಚನಾಮೆ.

ಪ್ರಸ್ತಾವನೆ:

ಕಮತಗಿಯ ಒಬ್ಬ ರೋಗಿಯ ಅಂಕಿಯು ಹುನಗುಂದ, ಬಾಗಲಕೋಟೆ, ಬೆಂಗಳೂರು, ದಿಲ್ಲಿ ಮಾರ್ಗವಾಗಿ ಸಮುದ್ರ ದಾಟಿ ಜಗತ್ತಿನ ಕೋಷ್ಟಕ ಸೇರಲು ಈಗ ನಾಲ್ಕೇ ದಿನ ಸಾಕಾಗುತ್ತಿರುವುದು ಇಲಾಖೆಯ ಹೆಮ್ಮೆಯಾಗಿರುತ್ತದೆ. ಇಲಾಖೆಯ ಉಗ್ರಾಣದಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿಯಾದ ಕಮತಗಿಗೆ ಗುಳಿಗೆಗಳು ಇಪ್ಪತ್ತೆರಡು ದಿನವಾದರೂ ತಲುಪದಿರುವುದು ಬೇರೆ ಸಂಗತಿಯಾಗಿದ್ದು, ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

‘ಈ ಸಾಲಿನಲ್ಲಿ ಯಾವುದೇ ಕೇಂದ್ರದಲ್ಲಿ ಔಷಧ ತೀರಿಹೋಗಿತ್ತೆ?’ ಎಂಬ ಪ್ರಶ್ನೆ 14ಕ್ಕೆ ‘ಇಲ್ಲ’ ಎಂಬ ಉತ್ತರವನ್ನು, ಸಾಲು ಆರಂಭವಾಗುವ ಮೊದಲೇ, ಮುತುವರ್ಜಿಯಿಂದ ಕಳುಹಿಸಲಾಗಿರುತ್ತದೆ. ಉತ್ತರ ಹೋಗಿಬಿಟ್ಟಿರುವುದರಿಂದ ಇನ್ನು ಘಟನೆಗಳನ್ನೇ ತಿದ್ದಿಕೊಳ್ಳುವುದು ಅನಿವಾರ್ಯವಾಗಿರುತ್ತದೆ.

ಹೀಗಿರುವಲ್ಲಿ, ಕಮತಗಿಯಲ್ಲಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ಇಂದ್ರವ್ವ, ವಯಸ್ಸು 46, ಇವರು ಎರಡು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಿ, ಮೂರು ಕಿಲೋ ತೂಕ ಏರಿಸಿಕೊಂಡು, ದಿನಾಂಕ 27-03ರಂದು ಮುಂದಿನ ಗುಳಿಗೆಗಾಗಿ ಹಾಜರಾಗಿರುತ್ತಾರೆ. ಗುಳಿಗೆ ಇರಲಿಲ್ಲ. ತಂತ್ರಾಂಶದಲ್ಲಿ ‘ಸೇವಿಸಿದರು’ ಮತ್ತು ‘ನಿರಾಕರಿಸಿದರು’ ಎಂಬ ಎರಡೇ ಗುಂಡಿಗಳಿದ್ದು, ಒಂದನ್ನು ಒತ್ತದ ಹೊರತು ಮುಂದಿನ ಪುಟ ತೆರೆಯುವುದಿಲ್ಲ. ಸದರಿ ಭಾಗ್ಯಜ್ಯೋತಿಯವರ ಬೆರಳು ಎರಡನೆಯ ಗುಂಡಿಯ ಮೇಲೆ ಹನ್ನೊಂದು ನಿಮಿಷ ಸುಮ್ಮನೆ ನಿಂತಿತ್ತೆಂದು ತಂತ್ರಾಂಶವೇ ದಾಖಲಿಸಿರುತ್ತದೆ. ಮೇಲಿನಿಂದ ಫೋನು ಬಂದ ನಂತರ ಒತ್ತಲಾಗಿರುತ್ತದೆ.

ದಿನಾಂಕ 08-04ರಂದು, ಇಂದ್ರವ್ವ ಆರನೆಯ ಸಲ ಬಂದಾಗ ನಡೆದ ಮಾತುಕತೆ ಕಡತದಲ್ಲಿ ಹೀಗಿದೆ:

“ತಂಗೀ, ನನ್ನ ಹೆಸರಿನ ಮುಂದ ಏನಂತ ಬರದೀ?”

“ಒಲ್ಲೆ ಅಂದೀರಿ ಅಂತ ಐತಿ, ಇಂದ್ರವ್ವಾರ.”

“ಒಲ್ಲೆ ಅಂದ್ನಿ? ನಾ? ಬೀಗರ ಮನ್ಯಾಗ ಎರಡನೇ ಹೋಳಿಗಿ ಒಲ್ಲೆ ಅಂದೇನಿ, ಖರೆ. ಗುಳಿಗಿ ಯಾವಾಗ ಒಲ್ಲೆ ಅಂದೆ? ಈ ಬಿಸಲಾಗ ಆರು ಸಲ ಒಲ್ಲೆ ಅನ್ನಾಕ ನಡಕೋತ ಬಂದೇನು?”

ಬಳಿಕ ಭಾಗ್ಯಜ್ಯೋತಿಯವರು, ಮೇಲಧಿಕಾರಿಗಳು ‘ನೋಡಲಾಗಿದೆ’ ಎಂದು ಬರೆಯಲೆಂದೇ ಮೀಸಲಿಟ್ಟ ಷರಾ ಕಾಲಮನ್ನು ತೆರೆದು, ಅಂದು ಬಂದ ಹದಿನೇಳು ರೋಗಿಗಳ ಹೆಸರಿನ ಮುಂದೆಯೂ ‘ಗುಳಿಗಿ ಬಂದಿಲ್ಲ’ ಎಂದು ನಮೂದಿಸಿರುತ್ತಾರೆ. ಇಲಾಖೆಯ ವೇಗದ ದೆಸೆಯಿಂದ ಆ ಷರಾ ನಾಲ್ಕನೆಯ ದಿನ ಸಮುದ್ರ ದಾಟಿದ್ದು, ಜಗತ್ತು ವಿವರಣೆ ಕೇಳಿರುತ್ತದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ಆದೇಶಿಸಲಾಗಿದೆ:

1. ಷರಾ ಕಾಲಮಿನಲ್ಲಿ ಷರಾ ಬರೆಯತಕ್ಕದ್ದಲ್ಲ.

2. ಗುಳಿಗೆ ಇಲ್ಲದ ದಿನ ಬಂದ ರೋಗಿಯು ಬಂದಿಲ್ಲವೆಂದೇ ಭಾವಿಸತಕ್ಕದ್ದು. ಬಂದಿದ್ದೇನೆಂದು ರೋಗಿಯು ಹಟ ಹಿಡಿದಲ್ಲಿ ಲಿಖಿತ ಪುರಾವೆ ಕೇಳತಕ್ಕದ್ದು. ಎದುರಿಗೆ ನಿಂತಿರುವುದನ್ನು ಪುರಾವೆಯೆಂದು ಪರಿಗಣಿಸಲಾಗುವುದಿಲ್ಲ.

3. ‘ನಡುವೆ ಗುಳಿಗೆ ತಪ್ಪಿಸಿದರೆ ರೋಗಾಣು ಮೊಂಡಾಗುತ್ತದೆ, ಆಮೇಲೆ ಯಾವ ಔಷಧಕ್ಕೂ ಬಗ್ಗುವುದಿಲ್ಲ’ ಎಂಬ ಇಲಾಖೆಯದೇ ಭಿತ್ತಿಪತ್ರವನ್ನು ಕೂಡಲೇ ಗೋಡೆಯಿಂದ ಕಿತ್ತುಹಾಕತಕ್ಕದ್ದು. ಓದು ಬಂದ ರೋಗಿಗಳು ಅದನ್ನು ಓದುತ್ತಿರುವುದು ಗಮನಕ್ಕೆ ಬಂದಿರುತ್ತದೆ.

4. ಗೋವಾಕ್ಕೆ ದುಡಿಯಲು ಹೋಗುವ ರೋಗಿಯು, ಬಸ್ಸಿನ ಮುಂದಿನ ಗಾಲಿ ಗಡಿ ದಾಟಿದ ಕ್ಷಣದಿಂದ ಈ ಜಿಲ್ಲೆಯ ಮಟ್ಟಿಗೆ ಗುಣಮುಖನಾಗಿರುತ್ತಾನೆ. ಹಬ್ಬಕ್ಕೆ ಊರಿಗೆ ಮರಳುವವರು ಗುಣಮುಖರಾಗಿಯೇ ಮರಳತಕ್ಕದ್ದು.

5. ಹುನಗುಂದ ತಾಲ್ಲೂಕಿನ ಕಮತಗಿಯಲ್ಲಿ ಮನೆ, ಇಳಕಲ್ ತಾಲ್ಲೂಕಿನ ಕಲ್ಲಿನ ಕ್ವಾರಿಯಲ್ಲಿ ಕೆಲಸ ಇರುವ ಹುಸೇನಸಾಬ ಎಂಬವರನ್ನು ಎರಡೂ ತಾಲ್ಲೂಕುಗಳು ಎಣಿಸಿದ್ದು, ಯಾವ ತಾಲ್ಲೂಕೂ ಗುಳಿಗೆ ಕೊಟ್ಟಿರುವುದಿಲ್ಲ. ಇನ್ನು ಮುಂದೆ ಇಂಥವರು ಬೆಳಿಗ್ಗೆ ಒಂಬತ್ತರೊಳಗೆ ಹುನಗುಂದ ತಾಲ್ಲೂಕಿನಲ್ಲಿ ಕೆಮ್ಮಿ ಮುಗಿಸಿಕೊಂಡು ಹೊರಡತಕ್ಕದ್ದು. ದಾರಿಯಲ್ಲಿ ಬಂದ ಕೆಮ್ಮನ್ನು ತಡೆದುಕೊಳ್ಳತಕ್ಕದ್ದು.

6. ಅನ್ಯದೇಶದವರಿಗೆ ಕ್ಷಯದ ಮಾಹಿತಿ ಕೊಡುವ ಅಧಿಕಾರ ಕೇಂದ್ರ ಕಚೇರಿಗೆ ಮಾತ್ರ ಇರುತ್ತದೆ. ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ವಿದೇಶಿ ಪ್ರವಾಸಿಗರ ಕಿವಿಗೆ ಬೀಳುವಂತೆ ಕೆಮ್ಮುವುದನ್ನು ಅನಧಿಕೃತ ಮಾಹಿತಿ ಹಂಚಿಕೆ ಎಂದು ಪರಿಗಣಿಸಿ ಕ್ರಮ ಜರುಗಿಸಲಾಗುವುದು. ಅನಿವಾರ್ಯವಾದಲ್ಲಿ ಬೆನ್ನು ತಿರುಗಿಸಿ, ಕೇಂದ್ರ ಕಚೇರಿಯ ದಿಕ್ಕಿಗೆ ಮುಖ ಮಾಡಿ ಕೆಮ್ಮಬಹುದು.

7. ಇಂದ್ರವ್ವನವರ ಏರಿದ ಮೂರು ಕಿಲೋ ತೂಕವು ಇಳಿದುಹೋಗಿರುವುದಾಗಿ ಭಾಗ್ಯಜ್ಯೋತಿಯವರು ಫೋನಿನಲ್ಲಿ ತಿಳಿಸಿರುತ್ತಾರೆ. ಏರಿದ ತೂಕವನ್ನು ಈಗಾಗಲೇ ರವಾನಿಸಲಾಗಿದ್ದು, ಹಿಂಪಡೆಯಲು ಅವಕಾಶವಿಲ್ಲ. ಕಫದಲ್ಲಿ ಕಂಡ ಕೆಂಪಿಗೂ ಕೋಷ್ಟಕದಲ್ಲಿ ಜಾಗ ಇರುವುದಿಲ್ಲ.

8. ‘ನಿರಾಕರಿಸಿದರು’ ಎಂಬ ನಮೂದನ್ನು ಬಲಪಡಿಸಲು ರೋಗಿಗಳಿಂದ ಹೆಬ್ಬಟ್ಟು ಪಡೆಯುವಂತೆ ಆದೇಶಿಸಲಾಗಿತ್ತು. ಅದರಂತೆ ಶ್ರೀ ಪಂಢರೀನಾಥ ಇವರು ದಿನಾಂಕ 16-04ರಂದು ಖುದ್ದು ಕಮತಗಿಗೆ ಹೋಗಿ, ಹನ್ನೊಂದನೆಯ ಸಲ ಬಂದು ಕುಳಿತಿದ್ದ ಇಂದ್ರವ್ವನವರ ಮುಂದೆ ಕಾಗದ ಇಟ್ಟಿರುತ್ತಾರೆ. ಪಂಚನಾಮೆಯ ಭಾಗ:

“ಇಲ್ಲೆ ಒತ್ರಿ. ಒಂದ ಹೆಬ್ಬಟ್ಟು, ಮುಗೀತು.”

“ಏನ್ ಬರದೈತ್ರಿ, ಸಾಹೇಬ್ರ?”

ಓದಿ ಹೇಳುವಂತೆ ಕಾರ್ಯಕರ್ತೆಗೆ ಸೂಚಿಸಲಾಗಿ, ಅವರು ಓದಿರುತ್ತಾರೆ: “ಗುಳಿಗಿ ಕೊಟ್ರೂ ನಾ ಒಲ್ಲೆ ಅಂದೆ ಅಂತ ಬರದಾರ್ರಿ, ಇಂದ್ರವ್ವಾರ.”

ಸಾಲಿನಲ್ಲಿದ್ದವರೆಲ್ಲ ನಕ್ಕಿರುತ್ತಾರೆ. ನಗುವು ಬಲುಬೇಗ ಕೆಮ್ಮಾಗಿ ಮಾರ್ಪಟ್ಟಿದ್ದರಿಂದ ಯಾವುದು ಎಷ್ಟು ಎಂದು ವಿಂಗಡಿಸಲು ಸಾಧ್ಯವಾಗಿರುವುದಿಲ್ಲ. ಇಂದ್ರವ್ವನವರು ಸೆರಗಿನಿಂದ ಬಾಯಿ ಒರೆಸಿಕೊಂಡು, ಆ ಸೆರಗನ್ನು ಮಡಚಿ ಮುಚ್ಚಿಟ್ಟು, ಹೀಗೆ ಹೇಳಿರುತ್ತಾರೆ:

“ಗುಳಿಗಿ ತರ್ರಿ ಸಾಹೇಬ್ರ, ಹತ್ತೂ ಬೆರಳು ಒತ್ತತೇನಿ. ಇದಕ್ಕ ಮಾತ್ರ ಒಲ್ಲೆ.”

“ನಾನೂ ಒಲ್ಲೆರಿ,” ಎಂದು ಹುಸೇನಸಾಬ. ಉಳಿದ ಹದಿನೈದು ಜನರೂ ಅದನ್ನೇ ಹೇಳಿರುತ್ತಾರೆ. ಆ ಸಮಯದಲ್ಲಿ ಕಾರ್ಯಕರ್ತೆಯು ಶಾಯಿಯ ಡಬ್ಬಿಯ ಮುಚ್ಚಳ ಹಾಕಿ ತಮ್ಮ ಚೀಲದಲ್ಲಿ ಇಟ್ಟುಕೊಂಡಿದ್ದು, ಈವರೆಗೆ ಹಿಂದಿರುಗಿಸಿರುವುದಿಲ್ಲ.

9. ಸದರಿ ಪಂಚನಾಮೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಹದಿನೇಳೂ ರೋಗಿಗಳು ಅಧಿಕಾರಿಯ ಸಮಕ್ಷಮದಲ್ಲಿ, ಸ್ವಂತ ಬಾಯಿಯಿಂದ, ‘ಒಲ್ಲೆ’ ಎಂದಿರುವುದು ನಿಸ್ಸಂಶಯವಾಗಿ ರುಜುವಾತಾಗಿರುತ್ತದೆ. ಆದ್ದರಿಂದ ‘ನಿರಾಕರಿಸಿದರು’ ಎಂಬ ಮೂಲ ನಮೂದು ಸರಿಯಾಗಿಯೇ ಇದ್ದು, ಯಾವ ತಿದ್ದುಪಡಿಯ ಅಗತ್ಯವೂ ಇಲ್ಲವೆಂದು ಜಗತ್ತಿಗೆ ಸಂತೋಷದಿಂದ ತಿಳಿಸಲಾಗಿದೆ.

10. ಭಾಗ್ಯಜ್ಯೋತಿಯವರಿಂದ ಲಿಖಿತ ಸಮಜಾಯಿಷಿ ಕೇಳಲಾಗಿತ್ತು. ಅವರು ಅದನ್ನು ಪುನಃ ಷರಾ ಕಾಲಮಿನಲ್ಲಿಯೇ ಸಲ್ಲಿಸಿದ್ದು, ಪೂರ್ಣ ಪಾಠ ಹೀಗಿದೆ: ‘ಗುಳಿಗಿ ಇನ್ನೂ ಬಂದಿಲ್ಲ. ಇಂದ್ರವ್ವಾರು ಇನ್ನೂ ಬರಾಕತ್ತಾರ.’ ಇದು ಸಮಜಾಯಿಷಿಯ ನಮೂನೆಯಲ್ಲಿ ಇಲ್ಲದ ಕಾರಣ ತಿರಸ್ಕರಿಸಲಾಗಿದೆ. ಷರಾ ಕಾಲಮನ್ನು ಇಂದಿನಿಂದ ರದ್ದುಪಡಿಸಲಾಗಿದೆ.

(ಸಹಿ ಇದೆ, ಹೆಸರು ಓದಲಾಗದು)
ಉಪ ನಿರ್ದೇಶಕರು (ಪ್ರಭಾರ)
ಕೆಮ್ಮು ಎಣಿಕೆ ಮತ್ತು ರವಾನೆ ಇಲಾಖೆ

ಪ್ರತಿಗಳು:
1. ಜಗತ್ತಿಗೆ, ಸೂಕ್ತ ಮಾರ್ಗದ ಮೂಲಕ, ಮಾಹಿತಿಗಾಗಿ.
2. ಹುನಗುಂದ, ಇಳಕಲ್ ಮತ್ತು ಬಾದಾಮಿಯ ಎಲ್ಲ ಎಣಿಕೆದಾರರಿಗೆ, ಕಟ್ಟುನಿಟ್ಟಿನ ಪಾಲನೆಗಾಗಿ.
3. ಬಾದಾಮಿ ಗುಹೆಗಳ ಗೈಡುಗಳಿಗೆ, ಕಂಡಿಕೆ 6ರ ಮೇಲೆ ಕಿವಿ ಇಡಲು.
4. ಶ್ರೀಮತಿ ಭಾಗ್ಯಜ್ಯೋತಿ ಇವರಿಗೆ, ಶಾಯಿಯ ಡಬ್ಬಿ ಹಿಂದಿರುಗಿಸುವ ಸೂಚನೆಯೊಂದಿಗೆ.
5. ಇಂದ್ರವ್ವ, ಕಮತಗಿ: ಪ್ರತಿಯನ್ನು ನಿರಾಕರಿಸುವರೆಂದು ಮುಂಚಿತವಾಗಿ ನಮೂದಿಸಿ, ಕಳುಹಿಸಿರುವುದಿಲ್ಲ.
6. ಇಲಾಖೆಯ ಔಷಧ ಉಗ್ರಾಣ: ಈ ವಿಷಯಕ್ಕೆ ಸಂಬಂಧಪಡದ ಕಾರಣ ಪ್ರತಿ ಇಲ್ಲ.