ದಿನಕ್ಕೊಂದು ಗೇಣು ಹಗ್ಗ

ನಾರಾಯಣಪೇಟೆಯಲ್ಲಿ ನಾಯಿಗೆ ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರು ಎಂದು ಒಂದು ಪಂದ್ಯ ಇಟ್ಟರೆ ಮೊದಲ ಬಹುಮಾನ ನಮ್ಮತ್ತೆಗೆ. ಆದರೆ ತಗೊಳ್ಳಲು ಆಕೆ ಬರುವುದಿಲ್ಲ. ದಾರಿಯಲ್ಲಿ ನಾಯಿ ಇದ್ದರೆ?

ಇಂಥವಳು ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ನಾಯಿಯ ಪ್ರಾಣ ಉಳಿಸಿದಳು ಎಂದರೆ ನಂಬುತ್ತೀರಾ? ಕಣ್ಣಾರೆ ನೋಡಿದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಅರವತ್ತು ದಾಟಿದೆ. ಇರುವುದು ನಮ್ಮ ಮನೆಯಲ್ಲೇ, ಮಗ್ಗವೂ ಅಲ್ಲೇ, ದಿನವೆಲ್ಲ ಸೀರೆ ನೇಯ್ಗೆ. ಸಣ್ಣವಳಿದ್ದಾಗ ನಾಯಿ ಕಡಿದು ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡಿದ್ದಳಂತೆ. ಅಂದಿನಿಂದ ಈ ಭಯ. ಒಂದು ಸಲ ಉಟ್ಕೂರಿನಲ್ಲಿ ಮದುವೆ ಇತ್ತು. ಹೊಸ ಸೀರೆ ಉಟ್ಟು, ಮದುಮಕ್ಕಳಿಗೆ ಕೊಡುವ ಆಯರಿನ ಚೀಲ ಹಿಡಿದು ಬಸ್ಸಿಗೆ ಹೋದಳು. ಉಟ್ಕೂರಿನಲ್ಲಿ ಬಸ್ಸು ನಿಂತ ಕಡೆ ಒಂದು ನಾಯಿ ಮಲಗಿತ್ತು. ಅತ್ತೆ ಇಳಿಯಲಿಲ್ಲ. ಮಕ್ತಲ್‌ವರೆಗೆ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬಂದಳು. ನಾಯಿ ಇನ್ನೂ ಮಲಗಿತ್ತು. ಆಗಲೂ ಇಳಿಯಲಿಲ್ಲ. ಚೀಲದ ಸಮೇತ ಮನೆಗೆ ಬಂದಳು.

"ಮದಿವಿ ಚಂದಾಗಿತ್ತೇನತ್ತಿ?" ಎಂದು ಕೇಳಿದೆ.

"ಬಸ್ಸಿನಾಗಿಂದ ಚಂದ ಕಾಣ್ತಪ. ಪೆಂಡಾಲು ಭಾಳ ದೊಡ್ಡದು ಹಾಕಿದ್ರು," ಎಂದಳು!

ಇನ್ನು ಪಕ್ಕದ ಮನೆಯಾತ. ಆತ ಕುರುಬರವನು. ಉಟ್ಕೂರಿನ ಕಡೆ ದೊಡ್ಡ ಹಿಂಡು ಮೇಯಿಸಿಕೊಂಡಿದ್ದ. ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಅಷ್ಟೂ ಕುರಿ ಮಾರಿ, ನಮ್ಮ ಪಕ್ಕದ ಹಳೇ ಮನೆ ತಗೊಂಡು ಬಂದ. ಬೈಕ್ ಬಂತು. ಟೀವಿ ಬಂತು. ಹಿಂಡು ಕಾಯುತ್ತಿದ್ದ ಕೆಂಚ ಎಂಬ ನಾಯಿಯೂ ಬಂತು. ಅದನ್ನು ಹಿತ್ತಲಿನ ಗೂಟಕ್ಕೆ ಕಟ್ಟಿ ನೀರಿನ ಮೋಟರ್ ಕಾಯಲು ಹಚ್ಚಿದ. ತೋಳ ಓಡಿಸಿದ ನಾಯಿಗೆ ಮೋಟರ್ ಕಾಯುವ ಕೆಲಸ! ಅದೂ ಕೆಟ್ಟು ನಿಂತ ಮೋಟರ್!

ಹಗ್ಗದ ಉದ್ದ ಎರಡೇ ಮೊಳ. ಗೂಟದಿಂದ ಆರು ಮೊಳ ಆಚೆ ಬೇವಿನ ಗಿಡದ ನೆರಳು. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಗೊತ್ತಲ್ಲ, ಮಧ್ಯಾಹ್ನ ಬಂಡೆಯ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುತ್ತದೆ. ಕೆಂಚ ಆ ಬಿಸಿಲಲ್ಲಿ ನಿಂತು ನೆರಳಿನ ಕಡೆ ಹಗ್ಗ ಎಳೆಯುತ್ತಿತ್ತು. ನೆನಪಾದರೆ ಆತ ರೊಟ್ಟಿ ಎಸೆಯುತ್ತಿದ್ದ. ಎಸೆದು, ಅದು ಬಿತ್ತೋ ಇಲ್ಲವೋ ಎಂದು ಕೂಡ ನೋಡದೆ ಒಳಗೆ ಹೋಗುತ್ತಿದ್ದ.

ಅತ್ತೆಯ ಮಗ್ಗದ ಕಿಟಕಿ ಆ ಹಿತ್ತಲಿಗೇ ತೆರೆಯುತ್ತದೆ. ನಾಯಿ ಕುಂಯ್ ಎಂದಾಗಲೆಲ್ಲ ಆಕೆಯ ಕೈಯಿಂದ ಲಾಳಿ ಜಾರುತ್ತಿತ್ತು. ಮೊದಲು ನೆಟ್ಟಗೆ ಹೋಗಿ ಹೇಳಿದಳು. ಹೋದದ್ದು ಮುಂಬಾಗಿಲಿನಿಂದ, ಛತ್ರಿ ಮುಂದೆ ಹಿಡಿದುಕೊಂಡು.

"ತಮ್ಮಾ, ನಾಯಿನ ನೆಳ್ಳಿಗೆ ಕಟ್ಟಪ."

"ಯಕ್ಕಾ, ನಾಯಿ ಅದು. ಬಿಸಲಾಗ ಹುಟ್ಟಿ ಬಿಸಲಾಗ ಬೆಳದೈತಿ. ನೀ ಸುಮ್ನ ಸೀರಿ ನೇಯಿ ಹೋಗು."

ನಾನಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಅತ್ತೆ ಬಾಯಿ ಮುಚ್ಚಿಕೊಂಡು ಬಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆಕೆ ಸುಮ್ಮನಿದ್ದಾಳೆ ಎಂದರೆ ಕೈ ಏನೋ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ನೇಕಾರರು ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತಾ ಬಂದರೆ ಕತ್ತರಿಸಿ ಬಿಸಾಡುವುದಿಲ್ಲ. ಹಳೇ ಎಳೆಯ ತುದಿಗೆ ಹೊಸ ಎಳೆ ಇಟ್ಟು, ಬೂದಿ ಮುಟ್ಟಿಸಿ, ಎರಡು ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಒಂದಕ್ಕೂ ಗಂಟಿಲ್ಲ. ಎಲ್ಲಿ ಕೂಡಿಸಿದರು ಎಂದು ಬೆರಳಿಗೂ ತಿಳಿಯಬಾರದು. ಈ ಕೆಲಸದಲ್ಲಿ ಅತ್ತೆಯ ಕೈಗೆ ಸರಿಸಾಟಿ ನಮ್ಮ ಓಣಿಯಲ್ಲಿ ಇಲ್ಲ.

ಒಂದು ಮಧ್ಯಾಹ್ನ ಟ್ರಿಪ್ಪು ಮುಗಿಸಿ ಆಟೋ ನಿಲ್ಲಿಸಿ ಬಂದರೆ ಅತ್ತೆ ನಡುವಿನ ಗೋಡೆಯ ಬುಡದಲ್ಲಿ ಕೂತಿದ್ದಾಳೆ. ಗೋಡೆಯಲ್ಲಿ ಒಂದು ಕಲ್ಲು ಬಿದ್ದ ಸಂದು ಇದೆ. ಸಂದಿನಾಚೆಗೇ ಆ ಗೂಟ. ಮೊದಲು ದೂರಕ್ಕೆ ಜೋಳದ ರೊಟ್ಟಿ ಎಸೆದಳು. ನಾಯಿ ಆ ಕಡೆ ತಿರುಗಿತು. ಸಂದಿನಲ್ಲಿ ಕೈ ಹಾಕಿ ಹಗ್ಗದ ತುದಿ ಬಿಚ್ಚಿ, ಕರಿ ನೂಲಿನಿಂದ ಹೊಸೆದ ಒಂದು ಗೇಣು ತುಂಡು ಅದಕ್ಕೆ ಕೂಡಿಸಿ, ತಿರುಗಿ ಗೂಟಕ್ಕೆ ಕಟ್ಟಿದಳು. ಆ ಹಗ್ಗವೂ ಕರಿ ಉಣ್ಣೆಯದು. ಮಣ್ಣು ಸವರಿದ ಮೇಲೆ ಯಾವುದು ಕುರಿಯದು, ಯಾವುದು ಅತ್ತೆಯದು, ಬ್ರಹ್ಮನಿಗೂ ತಿಳಿಯಲಿಕ್ಕಿಲ್ಲ.

"ಅತ್ತಿ, ಹೆಂಗೂ ಬಿಚ್ಚಿದ್ದಿ. ಬಿಟ್ಟೇ ಬಿಡಬೇಕಿಲ್ಲ?"

"ಹುಚ್ಚ ಅದಿಯೇನಲೇ! ಬಿಟ್ರ ನನ್ನ ಕಡಿತೈತಿ. ಆತ ಹಿಡಕೊಂಡು ಬಂದು ಇನ್ನಾ ಗಿಡ್ಡ ಕಟ್ತಾನ. ಆತಗ ಗೊತ್ತಾಗದಂಗ ನೆಳ್ಳು ಮುಟ್ಟಿಸ್ಬೇಕು."

ಮರುದಿನ ಇನ್ನೊಂದು ಗೇಣು. ಅದರ ಮರುದಿನ ಮತ್ತೊಂದು. ಗಮ್ಮತ್ತು ಏನೆಂದರೆ, ಹಗ್ಗ ಉದ್ದವಾದಷ್ಟೂ ನಾಯಿ ನೆರಳಿಗೆ ಹತ್ತಿರ, ರೊಟ್ಟಿ ಸಿಕ್ಕಷ್ಟೂ ಅತ್ತೆಗೆ ಹತ್ತಿರ! ಮೂರನೇ ದಿನ ಅದರ ಉಸಿರು ಆಕೆಯ ಮೊಣಕೈಗೆ ತಾಗಿತು. ನಾಲ್ಕನೇ ದಿನ ಮೂಗು ಸಂದಿನೊಳಗೇ ಬಂತು. ಅತ್ತೆ ಕಿರುಚಿದ ದನಿ ನಮ್ಮ ಓಣಿಯ ಎಲ್ಲ ಮಗ್ಗಗಳನ್ನೂ ನಿಲ್ಲಿಸಿತು. ಬೈಗುಳಕ್ಕೆ ಆಕೆ ಯಾವಾಗಲೂ ತೆಲುಗಿಗೆ ಹೋಗುತ್ತಾಳೆ. ಅವತ್ತು ನಾಯಿಗೆ ತೆಲುಗಿನಲ್ಲಿ ಏಳು ತಲೆಮಾರಿನ ಪೂಜೆ ಆಯಿತು. ಬೈದು ಮುಗಿಸಿ, ಛತ್ರಿ ಅಡ್ಡ ಹಿಡಿದು, ಅವತ್ತಿನ ಗೇಣನ್ನೂ ಕೂಡಿಸಿಯೇ ಎದ್ದಳು. ಹೆದರುವವರನ್ನು ನಾನು ಬಹಳ ನೋಡಿದ್ದೇನೆ. ಹೀಗೆ ಹಟ ಹಿಡಿದು, ಟೈಮಿಗೆ ಸರಿಯಾಗಿ ಹೋಗಿ ಹೆದರುವವರನ್ನು ನೋಡಿದ್ದಿಲ್ಲ.

ಅದೇ ವಾರ ಪಕ್ಕದ ಮನೆಯಾತ ನನ್ನ ಆಟೋದಲ್ಲಿ ಮಕ್ತಲ್‌ಗೆ ಬಂದ. ದಾರಿಯಲ್ಲಿ ಸಣ್ಣ ದನಿಯಲ್ಲಿ ಕೇಳಿದ:

"ಲೇ ತಮ್ಮಾ, ವಯಸ್ಸಾದ ಮ್ಯಾಲ ನಾಯಿ ಬೆಳೀತಾವೇನು?"

"ಯಾಕ ಕಾಕಾ?"

"ನಮ್ಮ ಕೆಂಚ ಮೊದ್ಲ ಗೂಟದ ಬುಡಕ್ಕ ಕುಂದರ್ತಿತ್ತು. ನಿನ್ನಿ ಅದರ ದನಿ ಬ್ಯಾರೆ ಕಡಿಂದ ಬಂದಂಗಾತು. ಉದ್ದ ಆಗಾಕತ್ತೈತೇನೋ ಅಂತ."

ನಗು ತಡೆಯಲು ಹಾರ್ನ್ ಬಾರಿಸಿದೆ. ಎದುರಿಗೆ ಒಂದು ಎಮ್ಮೆಯೂ ಇರಲಿಲ್ಲ.

ಎಂಟನೇ ದಿನ ಕೆಂಚ ಬೇವಿನ ನೆರಳು ಮುಟ್ಟಿತು. ಮುಟ್ಟಿದ್ದೇ ಬಿದ್ದುಕೊಂಡಿತು. ಅತ್ತೆ ಕಿಟಕಿಯಿಂದ ನೋಡಿ ನನ್ನ ಕೈಗೆ ಬೆಲ್ಲದ ತುಂಡು ಇಟ್ಟಳು. ಆ ಖುಷಿ ಅವತ್ತು ಸಂಜೆಯವರೆಗೂ ಉಳಿಯಲಿಲ್ಲ. ನಾಯಿ ಮಗ್ಗುಲು ಬದಲಿಸಿದಾಗ ಅದರ ಕೊರಳು ನಮಗೆ ಮೊದಲ ಸಲ ಸರಿಯಾಗಿ ಕಂಡಿತು. ನಾಲ್ಕು ತಿಂಗಳು ಎಳೆದು ಎಳೆದು ಹಗ್ಗ ಚರ್ಮದೊಳಗೆ ಇಳಿದಿತ್ತು. ಅದರ ಸುತ್ತ ನೊಣ. ನಾನು ಗೋಡೆ ಹಾರಿ ಕತ್ತರಿ ಹಿಡಿದು ಹೋದೆ. ಅದು ಹಲ್ಲು ತೋರಿಸಿತು. ಹೋದದ್ದಕ್ಕಿಂತ ಬೇಗ ವಾಪಸ್ ಬಂದೆ.

"ಹುಳ ಬಿದ್ದಾವು," ಎಂದಳು ಅತ್ತೆ. "ಇನ್ನ ಗೇಣು ಕೊಟ್ರ ಉಳಿಯಂಗಿಲ್ಲ. ಹಗ್ಗ ಕೊಳ್ಳಿಂದ ಹೋಗಬೇಕು. ಅದು ಕೊಳ್ಳು ಕೊಡೂದು ಒಬ್ಬಾತಗ ಮಾತ್ರ. ಆತ ನೋಡವಲ್ಲ."

ಭಾನುವಾರ ಬಂತು. ಪಕ್ಕದ ಮನೆಯಾತ ಮೈಲಾರ ದೇವರ ಒಕ್ಕಲು. ಅವತ್ತು ಆ ದೇವರ ಗೊರವಯ್ಯಗಳಿಗೆ ಊಟಕ್ಕೆ ಹೇಳಿದ್ದ. ಬೆಳಿಗ್ಗೆ ಆತನೇ ಹಿತ್ತಲು ಕಸ ಹೊಡೆಯುತ್ತಿದ್ದಾಗ ಪೊರಕೆಗೆ ಹಗ್ಗ ಸಿಕ್ಕಿತು. ಎತ್ತಿ ನೋಡಿದ. ಕರಿ ಹಗ್ಗ, ಕರಿ ಹಗ್ಗ, ಕರಿ ಹಗ್ಗ. ಕೊನೆಯ ಒಂದು ಗೇಣು ಮಾತ್ರ ಕೆಂಪು, ಅದರ ಮೇಲೆ ಹಳದಿ ಪಟ್ಟಿ!

ಕರಿ ನೂಲು ಮುಗಿದಿದೆ ಎಂದು ಅತ್ತೆ ಕೊನೆಯ ದಿನ ಸೀರೆಯ ಅಂಚಿನ ನೂಲು ತಗೊಂಡಿದ್ದಳು. ತಗೊಂಡವಳು ಸುಮ್ಮನೆ ಹೊಸೆದಿದ್ದರೆ ಆಗುತ್ತಿತ್ತು. ಕೈ ಕೇಳಬೇಕಲ್ಲ! ಎರಡು ಬಣ್ಣ ಸಿಕ್ಕ ಕೂಡಲೇ ಹಳದಿಯನ್ನು ಅಳತೆ ಇಟ್ಟು ಕೂರಿಸಿದ್ದಳು. ನಾಯಿಯ ಹಗ್ಗಕ್ಕೆ ನಾರಾಯಣಪೇಟೆ ಸೀರೆಯ ಅಂಚು! ಕಳ್ಳತನ ಮಾಡಿ ಕೆಳಗೆ ಹೆಸರು ಬರೆದಂತೆ.

"ಯಕ್ಕಾ!" ಎಂದು ಗೋಡೆಯ ಮೇಲಿಂದ ಕೂಗಿದ. "ಕುರುಬರ ಹಗ್ಗಕ್ಕ ಸೀರಿ ಅಂಚು ಎಲ್ಲಿಂದ ಬಂತಬೇ?"

"ಚಂದಿಲ್ಲೇನು?" ಎಂದಳು ಅತ್ತೆ.

"ನನ್ನ ನಾಯಿ, ನನ್ನ ಹಗ್ಗ! ನೀ ಯಾಕ ಕೈ ಹಾಕ್ತಿ?"

"ನಿನ್ನ ನಾಯಿ ಅಂತೀಯಲ್ಲ, ಅದರ ಕೊಳ್ಳು ನೋಡೀಯೇನು? ಒಮ್ಮೆ ನೋಡು ಅಂದ್ರ ನೋಡವಲ್ಲಿ!"

ಆತ ನೋಡಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡೇ ಹಗ್ಗ ಸುತ್ತಿ ಸುತ್ತಿ ಮತ್ತೆ ಎರಡು ಮೊಳಕ್ಕೆ ಕಟ್ಟಿ ಒಳಗೆ ಹೋದ. ಎಂಟು ದಿನದ ಕೆಲಸ ಎರಡು ನಿಮಿಷದಲ್ಲಿ ಮಣ್ಣಾಯಿತು.

ಮಧ್ಯಾಹ್ನ ಗೊರವಯ್ಯಗಳು ಬಂದರು. ಕರಿ ಕಂಬಳಿ, ಕೈಯಲ್ಲಿ ಡಮರು. ಅವರು ಮೈಲಾರ ದೇವರ ನಾಯಿಗಳು ಎಂಬುದು ಪದ್ಧತಿ. ದೋಣಿ ಎಂಬ ಕಟ್ಟಿಗೆಯ ಬಟ್ಟಲಿಗೆ ಹಾಲು, ತುಪ್ಪ, ಬಾಳೆಹಣ್ಣು ಸುರಿದರೆ ಅವರು ಬೊಗಳುತ್ತಾ ಬಗ್ಗಿ, ಕೈ ಮುಟ್ಟಿಸದೆ ಬಾಯಿ ಹಾಕಿ ತಿನ್ನುತ್ತಾರೆ. ಮನೆಯವರು ಕಾಲಿಗೆ ಬೀಳುತ್ತಾರೆ. ಅಂಗಳ ತುಂಬ ಜನ, ಅವರ ನಡುವೆ ನಾನೂ. ಏಳುಕೋಟಿ ಏಳುಕೋಟಿ ಎಂಬ ಮೈಲಾರನ ಜೈಕಾರ. ಪಕ್ಕದ ಮನೆಯಾತ ಹಣೆ ತುಂಬ ಭಂಡಾರದ ಅರಿಶಿನ ಬಳಿದುಕೊಂಡು ತುಪ್ಪ ಸುರಿಯುತ್ತಿದ್ದಾನೆ. ಅದೇ ಮನೆಯ ಹಿಂದೆ ಕೆಂಚ ಬಿಸಿಲಲ್ಲಿ ನಿಂತಿದೆ. ಬಾಗಿಲುಗಳು ತೆರೆದೇ ಇವೆ, ಅಂಗಳದಿಂದ ಹಿತ್ತಲು ನೆಟ್ಟಗೆ ಕಾಣುತ್ತದೆ. ಆದರೆ ಯಾರೂ ಆ ಕಡೆ ನೋಡುತ್ತಿಲ್ಲ.

ಆಗ ಹಿತ್ತಲಲ್ಲಿ ನಮ್ಮತ್ತೆ ಕಂಡಳು.

ಹಿತ್ತಲಿನ ಹೊರಬಾಗಿಲಿನಿಂದ ಒಳಗೆ ಬಂದು, ಕೆಂಚನ ಪಕ್ಕ ನಿಂತು, ಛತ್ರಿ ಬಿಚ್ಚಿ ಅದರ ಮೇಲೆ ಹಿಡಿದಿದ್ದಳು. ಕೈ ಎಷ್ಟು ದೂರ ಚಾಚಲು ಸಾಧ್ಯವೋ ಅಷ್ಟು ಚಾಚಿದ್ದಳು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಛತ್ರಿ ಗಡಗಡ ನಡುಗುತ್ತಿತ್ತು. ಪೂರ್ತಿ ಬಿಸಿಲು ಆಕೆಯ ಮೇಲೆ, ಪೂರ್ತಿ ನೆರಳು ನಾಯಿಯ ಮೇಲೆ.

ಗೊರವಯ್ಯಗಳು ಬೊಗಳುವುದು ನಿಂತಿತು. ಎಲ್ಲರೂ ತಿರುಗಿದರು.

"ಏನಬೇ ಯಕ್ಕಾ ಇದು, ದೇವರ ಕಾರ್ಯದಾಗ!" ಎಂದ ಪಕ್ಕದ ಮನೆಯಾತ.

ಅತ್ತೆ ಕಣ್ಣು ತೆರೆಯದೆಯೇ ಹೇಳಿದಳು: "ಮನಶ್ಯಾರು ನಾಯಿ ಆದ್ರ ಹಾಲು ತುಪ್ಪ ಹಾಕಿ ಕಾಲಿಗೆ ಬೀಳ್ತಿ. ಹುಟ್ಟಿದಾಗಿಂದ ನಾಯಿ ಆಗೇ ಐತಲ್ಲ ಇದು, ಇದಕ್ಕೇನು ಹಾಕೀಯಪ?"

ಹಿರಿಯ ಗೊರವಯ್ಯ ಎದ್ದ. ಗಡ್ಡದ ಮೇಲೆ ಇನ್ನೂ ಹಾಲಿತ್ತು. ಹಿತ್ತಲಿಗೆ ಬಂದು ಕೆಂಚನ ಮುಂದೆ ಕುಕ್ಕರಗಾಲಲ್ಲಿ ಕೂತ, ದೋಣಿಯಲ್ಲಿ ಉಳಿದದ್ದನ್ನು ಅದರ ಮುಂದಿಟ್ಟ. ಅದು ಬಾಯಿ ಹಾಕಲು ಹೋಯಿತು. ಕೊರಳು ಬಗ್ಗಲಿಲ್ಲ. ನುಂಗಲು ಆಗದೆ ಸುಮ್ಮನೆ ವಾಸನೆ ನೋಡಿ ನಿಂತಿತು.

"ಯಜಮಾನಾ, ಬಾ ಇಲ್ಲಿ," ಎಂದ ಗೊರವಯ್ಯ. ದನಿ ಏರಿಸಲಿಲ್ಲ. "ನಾವು ವರ್ಷಕ್ಕೊಮ್ಮೆ ನಾಯಿ ಆಗವ್ರು. ಬಂದು ಇದನ್ನ ನೋಡು."

ಆತ ಬಂದ. ಕೊನೆಗೂ ನೋಡಿದ.

ಆಮೇಲೆ ಆತ ಒಳಗೆ ಹೋಗಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದ. ನನಗೆ ಹಲ್ಲು ತೋರಿಸಿದ ನಾಯಿ ಆತ ಹತ್ತಿರ ಬಂದದ್ದೇ ಬಾಲ ಅಲ್ಲಾಡಿಸಿ ನೆಲಕ್ಕೆ ಕೊರಳು ಚಾಚಿತು. ಹಗ್ಗ ಎಲ್ಲಿ, ಚರ್ಮ ಎಲ್ಲಿ ಎಂದು ತಿಳಿಯದೆ ಆತ ಎರಡು ಸಲ ಕತ್ತರಿ ಇಟ್ಟು ಎರಡು ಸಲ ತೆಗೆದ. ಗೊರವಯ್ಯ ಆ ಕೈ ಹಿಡಿದುಕೊಂಡ. ಇಬ್ಬರೂ ಸೇರಿ ಕತ್ತರಿಸಿದರು.

ಆಟೋ ತೆಗೆದೆ. ದನದ ಡಾಕ್ಟರನ್ನು ಮನೆಗೇ ಹೋಗಿ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದೆವು. ಹೋಗುವಾಗ ಹಿಂದಿನ ಸೀಟಿನಲ್ಲಿ ಆತ ಮತ್ತು ನಾಯಿ. ಮುಂದೆ ನನ್ನ ಪಕ್ಕ ಅತ್ತೆ. ಆಕೆ ನಾಲ್ಕು ತಿಂಗಳಿಂದ ಆತನಿಗೆಂದೇ ಒಳ್ಳೊಳ್ಳೆ ತೆಲುಗು ಬೈಗುಳ ಕೂಡಿಸಿ ಇಟ್ಟಿದ್ದಳು. ನಾನೂ ಕಾಯುತ್ತಿದ್ದೆ. ಆದರೆ ಬಾಯಿ ತೆರೆದದ್ದು ಆತ.

"ಕುರಿ ಮಾರಿದ ದಿನ ಇದು ಲಾರಿ ಹಿಂದ ಓಡಿತ್ತು ಯಕ್ಕಾ. ಮಕ್ತಲ್ ದಾಟಿ ಓಡಿತ್ತಂತ. ನಾಕನೇ ದಿನ ಒಂದ ತಿರಿಗಿ ಬಂತು, ಕಾಲು ರಗತ ಆಗಿದ್ವು. ಬಂದು ನನ್ನ ಮಾರಿ ನೋಡ್ತು. ಕುರಿ ಎಲ್ಲಿ ಅಂತ ಕೇಳ್ದಂಗ ನೋಡ್ತು. ಮತ್ತ ಓಡಿ ಹೋಗ್ತೈತಿ ಅಂತ ಕಟ್ಟಿದೆ. ಆಮ್ಯಾಲ ನನಗ ಅದರ ಮಾರಿ ನೋಡಾಕ ಆಗಲಿಲ್ಲ."

ಅತ್ತೆ ಒಂದು ಬೈಗುಳವನ್ನೂ ತೆಗೆಯಲಿಲ್ಲ. ಹಿಂದೆ ತಿರುಗದೆಯೇ ನೀರಿನ ಬಾಟಲಿ ಹಿಂದಕ್ಕೆ ಚಾಚಿದಳು. ಅದು ಆತನಿಗೋ ನಾಯಿಗೋ ನನಗೆ ತಿಳಿಯಲಿಲ್ಲ. ಇಬ್ಬರೂ ಕುಡಿದರು.

ಡಾಕ್ಟರು ಹುಳ ತೆಗೆದು, ತೊಳೆದು, ಬಿಳಿ ಪಟ್ಟಿ ಸುತ್ತಿ, "ಇನ್ನೆರಡು ದಿನ ಬಿಟ್ಟಿದ್ರ ಹೋಗ್ತಿತ್ರಿ" ಎಂದರು. ಅಂದಿನಿಂದ ಕೆಂಚನಿಗೆ ಹಗ್ಗವಿಲ್ಲ. ಅದು ಎಲ್ಲಿಗೂ ಓಡಿ ಹೋಗಲಿಲ್ಲ. ಬೆಳಿಗ್ಗೆ ಯಜಮಾನನ ಹಿಂದೆ ಕೆರೆ ಕಡೆ ಹೋಗುತ್ತದೆ. ಬಂದ ಮೇಲೆ ಓಣಿಯಲ್ಲಿ ಓಡಾಡುತ್ತದೆ. ಅತ್ತೆ ಛತ್ರಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ.

ಹೋದ ವಾರ ಮಧ್ಯಾಹ್ನ ಆಟೋ ತಂದು ಬಾಗಿಲಿಗೆ ನಿಲ್ಲಿಸಿದೆ. ಓಣಿಯ ತುದಿಗೇ ಕೇಳಿಸಬೇಕಾದ ಮಗ್ಗದ ಸದ್ದು ಇಲ್ಲ. ಇಂಜಿನ್ ಹಾಗೇ ಬಿಟ್ಟು ಒಳಗೆ ಓಡಿದೆ. ಅತ್ತೆ ಮಗ್ಗದ ಮುಂದೆ ನೆಟ್ಟಗೆ ಕೂತಿದ್ದಳು. ಕೈಯಲ್ಲಿ ಲಾಳಿ. ಹಣೆಯಿಂದ ಬೆವರು ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ. ಗಲ್ಲ ಬಿಟ್ಟರೆ ಏನೂ ಅಲ್ಲಾಡುತ್ತಿಲ್ಲ, ಅದೂ ನಡುಗುತ್ತಿದೆ.

ನಮ್ಮದು ಕುಣಿ ಮಗ್ಗ. ನೇಯುವವರು ಕಾಲು ಇಳಿಬಿಡಲು ನೆಲದಲ್ಲಿ ಒಂದು ಕುಣಿ ತೋಡಿರುತ್ತದೆ. ಬೇಸಿಗೆಯಲ್ಲಿ ಇಡೀ ಮನೆಯಲ್ಲಿ ತಂಪಾದ ಜಾಗ ಅದೊಂದೇ. ಬಗ್ಗಿ ನೋಡಿದೆ. ಕುಣಿಯ ತಳದಲ್ಲಿ ಕೆಂಚ ಸುರುಳಿ ಸುತ್ತಿಕೊಂಡು ಮಲಗಿತ್ತು. ಅದರ ತಲೆ ಅತ್ತೆಯ ಪಾದದ ಮೇಲಿತ್ತು.

"ಯಾವಾಗ ಬಂತತ್ತಿ? ಓಡಸ್ಲೇನು?"

ಅತ್ತೆ ತುಟಿ ಮಾತ್ರ ಅಲ್ಲಾಡಿಸಿದಳು.

"ಉಂಡ ಮ್ಯಾಲ ಬಂದೈತಿ. ಮುಟ್ಟಬ್ಯಾಡ, ಈಗ ನಿದ್ದಿ ಹತ್ತೈತಿ. ಸದ್ದು ಮಾಡಬ್ಯಾಡಲೇ."

ನಾನು ತುದಿಗಾಲಲ್ಲಿ ಹೊರಗೆ ಹೋಗಿ ಆಟೋ ಇಂಜಿನ್ ಬಂದ್ ಮಾಡಿದೆ.